ಭದ್ರಾವತಿಯ ಕಬ್ಬಿಣ ಕಾರ್ಖಾನೆ: ನಷ್ಟದಿಂದ ನೆಲೆಗೆ ಬಂದ ಬಗೆ

ಹೊಸ ಸಂಸ್ಥೆಯೊಂದನ್ನು ಸ್ಥಾಪಿಸಿದವರ ಹೆಸರು ಬಾಗಿಲ ಬಳಿಯ ಶಿಲಾಫಲಕದಲ್ಲಿ ಉಳಿಯುತ್ತದೆ. ಕುಸಿಯುತ್ತಿದ್ದ ಸಂಸ್ಥೆಯನ್ನು ಹಿಡಿದು ನಿಲ್ಲಿಸಿದವರ ದುಡಿಮೆ ಅದರ ಲೆಕ್ಕದ ಪುಸ್ತಕಗಳಲ್ಲಿ ಅಡಗಿರುತ್ತದೆ. ಆ ಪುಸ್ತಕಗಳನ್ನು ತೆರೆದು ನೋಡುವವರು ವಿರಳ. ವಾಣಿಜ್ಯದಲ್ಲಿ ತೊಡಗಿದವರಿಗೂ, ಬಸದಿ, ಛತ್ರ, ವಿದ್ಯಾಸಂಸ್ಥೆಗಳ ಆಡಳಿತವನ್ನು ಹೊತ್ತವರಿಗೂ ಎರಡನೆಯ ಬಗೆಯವರ ಚರಿತ್ರೆಯೇ ಹೆಚ್ಚು ಉಪಯುಕ್ತವಾದುದು. ಏಕೆಂದರೆ ಸ್ಥಾಪನೆಯ ಸಂದರ್ಭ ಬಾಳಿನಲ್ಲಿ ಒಮ್ಮೆ ಬಂದರೆ ಬಂದೀತು. ನಡೆಯುತ್ತಿರುವುದನ್ನು ಸರಿಪಡಿಸುವ ಹೊಣೆ ಮಾತ್ರ ಪ್ರತಿ ವರ್ಷದ ಲೆಕ್ಕಪತ್ರದೊಡನೆ ಬರುತ್ತದೆ.

ಕನ್ನಡ ನಾಡಿನಲ್ಲಿ ಇಂತಹ ಜೀರ್ಣೋದ್ಧಾರಕ್ಕೆ ಬಹು ದೊಡ್ಡ ಉದಾಹರಣೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. 1923ರಲ್ಲಿ ಅದು ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಹೊರೆಯೆಂದು ಹಲವರ ಬಾಯಲ್ಲಿ ನಿಂದೆಗೆ ಗುರಿಯಾಗಿತ್ತು. ಮುಂದಿನ ಆರು ವರ್ಷಗಳಲ್ಲಿ ಅದು ತನ್ನ ಕಾಲಮೇಲೆ ನಿಲ್ಲುವ ಸ್ಥಿತಿಗೆ ಬಂದಿತು. ಇದು ಹೇಗೆ ಸಾಧ್ಯವಾಯಿತು, ಆ ಸಾಧನೆಯಲ್ಲಿ ಏನು ಉಳಿಯಿತು, ಏನು ಉಳಿಯಲಿಲ್ಲ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ದುರ್ಗದ ಸೀಮೆಯ ಹಳೆಯ ಕುಲುಮೆಗಳು

ಭದ್ರಾವತಿಯ ಕಥೆಯನ್ನು ಚಿತ್ರದುರ್ಗದ ಸೀಮೆಯಿಂದಲೇ ಆರಂಭಿಸುವುದು ಯುಕ್ತ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಗುಡ್ಡಸಾಲುಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳಿವೆ. ದೊಡ್ಡ ಯಂತ್ರಗಳು ಬರುವುದಕ್ಕೆ ಬಹು ಹಿಂದೆಯೇ ಈ ಸೀಮೆಯ ಜನ ಮಣ್ಣಿನ ಸಣ್ಣ ಕುಲುಮೆಗಳಲ್ಲಿ ಅದಿರನ್ನು ಇದ್ದಿಲಿನೊಡನೆ ಕಾಯಿಸಿ, ತಿದಿಯೊತ್ತಿ, ಕಬ್ಬಿಣ ತೆಗೆಯುತ್ತಿದ್ದರು. ನೇಗಿಲಿನ ಗುಳ, ಕುಡುಗೋಲು, ಗಾಡಿಯ ಪಟ್ಟಿಗಳಿಗೆ ಬೇಕಾದ ಲೋಹ ಊರಿನ ಆಸುಪಾಸಿನಲ್ಲೇ ದೊರೆಯುತ್ತಿತ್ತು. ಹೊಸದುರ್ಗ ತಾಲ್ಲೂಕಿನ ಮತ್ತೋಡು ಗಾಜಿನ ಬಳೆಗಳಿಗೆ ಹೆಸರಾಗಿತ್ತು. ಟಿಪ್ಪುವಿನ ಪತನಾನಂತರ 1800–01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮತ್ತೋಡಿನ ಗಾಜಿನ ಕೆಲಸವನ್ನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡೂ ಕಸುಬುಗಳು ಸೊರಗಿದವು. ಹಡಗಿನಲ್ಲಿ ಬಂದು ರೈಲಿನಲ್ಲಿ ಒಳನಾಡಿಗೆ ಇಳಿದ ವಿಲಾಯತಿ ಕಬ್ಬಿಣದ ಬೆಲೆಯೊಡನೆ ಮಣ್ಣಿನ ಕುಲುಮೆ ಸ್ಪರ್ಧಿಸಲಾರದಾಯಿತು. ಕುಲುಮೆಯವರ ಕೈಚಳಕಕ್ಕೆ ಕೊರತೆಯಿರಲಿಲ್ಲ. ಒಂದು ಮಣ ಕಬ್ಬಿಣಕ್ಕೆ ಎಷ್ಟು ಇದ್ದಿಲು ಸುಟ್ಟಿತು, ಎಷ್ಟು ಆಳು ದುಡಿದವು, ಪೇಟೆಯಲ್ಲಿ ಯಾವ ಧಾರಣೆ ಎಂಬ ಲೆಕ್ಕದಲ್ಲಿ ಅವರು ಸೋತರು. ಆ ಲೆಕ್ಕವನ್ನು ತಗ್ಗಿಸಲು ಬೇಕಾದ ಬಂಡವಾಳವಾಗಲಿ, ಸಂಘಟನೆಯಾಗಲಿ ಅವರ ಕೈಯಲ್ಲಿರಲಿಲ್ಲ. ಕಾಲಾನಂತರದಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಬೆಂಕಿಪುರದಲ್ಲಿ ಅದೇ ಇದ್ದಿಲಿನ ವಿದ್ಯೆಯನ್ನು ಬೃಹತ್ ಪ್ರಮಾಣದಲ್ಲಿ ಮತ್ತೆ ಕೈಗೊಂಡಾಗ, ಎದುರು ನಿಂತ ಪ್ರಶ್ನೆಯೂ ಇದೇ ಆಗಿತ್ತು.

ಸ್ಥಾಪನೆ ಮತ್ತು ಸಂಕಟ

ಬೆಂಕಿಪುರವೆಂಬುದು ಭದ್ರಾವತಿಯ ಹಿಂದಿನ ಹೆಸರು. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲುಮಾರ್ಗ ಅದರ ಮೂಲಕ ಹಾದುಹೋಗುತ್ತದೆ. ಬೀರೂರಿನಿಂದ ಉತ್ತರಕ್ಕೆ ಹೊರಟ ಹಳಿ ಹೊಸದುರ್ಗ ರಸ್ತೆ, ಹೊಳಲ್ಕೆರೆ, ಚಿಕ್ಕಜಾಜೂರುಗಳನ್ನು ದಾಟಿ ಹುಬ್ಬಳ್ಳಿಯತ್ತ ಸಾಗುತ್ತದೆ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಅದಿರು, ಸುತ್ತಲೂ ಮಲೆನಾಡಿನ ಕಾಡು, ಪಕ್ಕದಲ್ಲಿ ಭದ್ರಾ ನದಿ: ಕಾರ್ಖಾನೆಗೆ ಬೇಕಾದವು ಬಹುಪಾಲು ಅಲ್ಲಿದ್ದವು. ಇಲ್ಲದಿದ್ದುದು ಕಲ್ಲಿದ್ದಲು ಒಂದೇ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿನ ಗಣಿಗಳಿರಲಿಲ್ಲ. ದೂರದಿಂದ ತರಿಸಿದರೆ ಸಾಗಣೆಯ ವೆಚ್ಚವೇ ಲಾಭವನ್ನು ನುಂಗುತ್ತಿತ್ತು.

1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಯೋಜನೆಗೆ ರೂಪ ಕೊಟ್ಟರು. ಅಮೆರಿಕದ ತಜ್ಞ ಸಿ. ಪಿ. ಪೆರಿನ್ ಅವರ ಸಲಹೆಯನ್ನು ಪಡೆಯಲಾಯಿತು. ನಿರ್ಮಾಣದಲ್ಲಿಯೂ ಆರಂಭದ ಆಡಳಿತದಲ್ಲಿಯೂ ಟಾಟಾ ಸಂಸ್ಥೆಯ ನೆರವಿತ್ತು. ಕಲ್ಲಿದ್ದಲಿಗೆ ಬದಲಾಗಿ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವುದು, ಹೊರಬರುವ ಆವಿಯನ್ನು ತಣಿಸಿ ಮರದ ಮದ್ಯಸಾರ, ಸುಣ್ಣದ ಅಸಿಟೇಟ್, ಟಾರು ಮುಂತಾದ ಉಪವಸ್ತುಗಳನ್ನು ತೆಗೆಯುವುದು ಎಂಬುದು ಯೋಜನೆಯ ತಿರುಳು. ಆದುದರಿಂದಲೇ ಸಂಸ್ಥೆಗೆ 'ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್' ಎಂದು ಹೆಸರಿಟ್ಟರು. ಇದ್ದಿಲಿನಲ್ಲಿ ಗಂಧಕದ ಅಂಶ ಅತ್ಯಲ್ಪವಾದುದರಿಂದ ಅದರಿಂದ ಕರಗಿಸಿದ ಬೀಡುಕಬ್ಬಿಣ ಗುಣದಲ್ಲಿ ಮೇಲಾದುದು. ಉಪವಸ್ತುಗಳ ಮಾರಾಟದಿಂದ ಇದ್ದಿಲಿನ ವೆಚ್ಚವೂ ತಗ್ಗುವುದೆಂಬ ನಿರೀಕ್ಷೆಯಿತ್ತು.

ಕಾರ್ಯಾರಂಭ 1923ರ ಜನವರಿ 18ರಂದು ಆಯಿತು. ಆದರೆ ಯೋಜನೆಯನ್ನು ಹಾಕಿದ ಕಾಲವೇ ಬೇರೆ, ಉತ್ಪಾದನೆ ಹೊರಬಂದ ಕಾಲವೇ ಬೇರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯಂತ್ರಗಳ ಬೆಲೆ ಏರಿ, ಸಾಗಣೆ ತಡವಾಗಿ, ನಿರ್ಮಾಣದ ವೆಚ್ಚ ಮೊದಲ ಅಂದಾಜನ್ನು ಬಹಳವಾಗಿ ಮೀರಿತು. ಕುಲುಮೆಗೆ ಬೆಂಕಿ ಬೀಳುವ ಹೊತ್ತಿಗೆ ಯುದ್ಧಾನಂತರದ ಇಳಿಜಾರು ಬಂದು ಬೀಡುಕಬ್ಬಿಣದ ಧಾರಣೆ ಕುಸಿದಿತ್ತು. ಹೆಚ್ಚು ಬೆಲೆ ಕೊಟ್ಟು ಕಟ್ಟಿದ ಕಾರ್ಖಾನೆ ಕಡಿಮೆ ಬೆಲೆಗೆ ಸರಕು ಮಾರಬೇಕಾಯಿತು. ವಿದೇಶೀ ಅಧಿಕಾರಿಗಳ ದೊಡ್ಡ ಸಂಬಳ, ಹೊಸ ಯಂತ್ರಗಳ ತೊಡಕು, ಅನುಭವವಿಲ್ಲದ ಕೆಲಸಗಾರರು, ಎಲ್ಲವೂ ಸೇರಿ ನಷ್ಟ ಬೆಳೆಯಿತು. ಮುಚ್ಚಿಬಿಡುವುದೇ ಲೇಸೆಂಬ ಮಾತು ಕೇಳಿಬಂದಿತು.

ಇಂತಹ ಸಮಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು, ಆಲ್ಬಿಯನ್ ಬ್ಯಾನರ್ಜಿಯವರು ದಿವಾನರಾಗಿದ್ದಾಗ, ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಳ್ಳುವಂತೆ ಕೇಳಿತು. ಅರವತ್ತು ದಾಟಿದ್ದ ಅವರು ಒಪ್ಪಿ, 1923ರಿಂದ 1929ರವರೆಗೆ ಆ ಹೊಣೆಯನ್ನು ನಿರ್ವಹಿಸಿದರು.

ಮುಚ್ಚುವುದೋ, ನಡೆಸುವುದೋ

ಅಧ್ಯಕ್ಷರ ಮುಂದಿದ್ದ ಮೊದಲ ಪ್ರಶ್ನೆ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಕಾರ್ಖಾನೆಯ ಕಟ್ಟಡಕ್ಕೂ ಯಂತ್ರಕ್ಕೂ ಸುರಿದ ಹಣ ಮುಚ್ಚಿದರೂ ಹಿಂದಕ್ಕೆ ಬರುವುದಿಲ್ಲ, ನಡೆಸಿದರೂ ಬರುವುದಿಲ್ಲ. ಕುಲುಮೆಯನ್ನು ಹಳೆಯ ಕಬ್ಬಿಣದ ಬೆಲೆಗೆ ಮಾರಿದರೆ ದೊರೆಯುವುದು ಅತ್ಯಲ್ಪ. ಆದುದರಿಂದ ವಿಚಾರಿಸಬೇಕಾದುದು, ಇನ್ನು ಮುಂದೆ ಒಂದು ಟನ್ ಕಬ್ಬಿಣ ತಯಾರಿಸಲು ತಗಲುವ ಖರ್ಚು ಅದನ್ನು ಮಾರಿದಾಗ ಬರುವ ಹಣಕ್ಕಿಂತ ಕೆಳಗಿಳಿಯಬಲ್ಲುದೇ ಎಂಬುದು. ಇಳಿಯುವುದಾದರೆ ನಡೆಸಬೇಕು, ಇಳಿಯದಿದ್ದರೆ ಮುಚ್ಚಬೇಕು. ಹಿಂದೆ ಸುರಿದ ಹಣದ ಮೇಲಿನ ಮಮಕಾರವೂ, ಹಿಂದೆ ಮಾಡಿದ ತೀರ್ಮಾನದ ಮೇಲಿನ ಸಿಟ್ಟೂ ಈ ವಿಚಾರದಲ್ಲಿ ಪ್ರವೇಶಿಸಬಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಯೋಜನೆಯ ಜನಕರೇ ಅದರ ಪರೀಕ್ಷಕರೂ ಆಗಿ ಬಂದಿದ್ದರು. ತಾವು ಹುಟ್ಟುಹಾಕಿದುದನ್ನು ಸಮರ್ಥಿಸಿಕೊಳ್ಳಲು ಲೆಕ್ಕವನ್ನು ಹಿಗ್ಗಿಸುವ ಪ್ರಲೋಭನೆ ಅಂತಹ ಸ್ಥಾನದಲ್ಲಿರುವ ಯಾರಿಗಾದರೂ ಬರಬಹುದು. ಅದಕ್ಕೆ ವಿಶ್ವೇಶ್ವರಯ್ಯನವರು ಕಂಡುಕೊಂಡ ಪ್ರತಿಬಂಧ ಸರಳವಾದುದು. ಕಾರ್ಖಾನೆ ಸುಸ್ಥಿತಿಗೆ ಬರುವವರೆಗೆ ತಮಗೆ ಸಂಬಳ ಬೇಡವೆಂದು ಅವರು ತಿಳಿಸಿದರು. ಇತರರ ಖರ್ಚನ್ನು ಕಡಿತಗೊಳಿಸಲು ಹೊರಟವರು ಮೊದಲು ತಮ್ಮ ಹೆಸರಿನ ಬಾಬನ್ನೇ ಸೊನ್ನೆಗೆ ಇಳಿಸಿದಾಗ, ಅನಂತರದ ಕಡಿತಗಳಿಗೆ ಎದುರಾಡುವುದು ಕಷ್ಟವಾಗುತ್ತದೆ.

ಸರಿಪಡಿಸಿದ ಕ್ರಮ

ಆರು ವರ್ಷಗಳ ಕಾರ್ಯವನ್ನು ವಿಂಗಡಿಸಿ ನೋಡಿದರೆ ನಾಲ್ಕು ಕ್ರಮಗಳು ಎದ್ದು ಕಾಣುತ್ತವೆ.

ಮೊದಲನೆಯದು ಆಡಳಿತದ ಹೊಣೆಯನ್ನು ಒಂದೆಡೆಗೆ ತಂದುದು. ಹೊರಗಿನ ಸಂಸ್ಥೆಯ ನಿರ್ವಹಣೆ, ವಿದೇಶೀ ತಜ್ಞರ ಸಲಹೆ, ಸರ್ಕಾರದ ಇಲಾಖೆಯ ಮೇಲ್ವಿಚಾರಣೆ ಎಂದು ಹೊಣೆ ಹಂಚಿಹೋಗಿದ್ದರೆ ನಷ್ಟಕ್ಕೆ ಯಾರೂ ಉತ್ತರ ಹೇಳಬೇಕಾಗುವುದಿಲ್ಲ. ಆಡಳಿತವು ಮೈಸೂರಿನ ಮಂಡಲಿಗೆ ನೇರವಾಗಿ ಬಂದಿತು. ಉತ್ತರ ಹೇಳಬೇಕಾದವರು ಯಾರೆಂಬುದು ಎಲ್ಲರಿಗೂ ತಿಳಿಯುವಂತಾಯಿತು.

ಎರಡನೆಯದು ಸಿಬ್ಬಂದಿಯ ಬದಲಾವಣೆ. ದೊಡ್ಡ ಸಂಬಳದ ವಿದೇಶೀ ಅಧಿಕಾರಿಗಳ ಸ್ಥಾನಕ್ಕೆ ತರಬೇತಿ ಪಡೆದ ಮೈಸೂರಿನ ತರುಣ ಎಂಜಿನಿಯರುಗಳನ್ನು ಹಂತಹಂತವಾಗಿ ತಂದರು. ಇದರಿಂದ ಉಳಿತಾಯವಾದುದು ಸರಿಯೇ. ಆದರೆ ಉಳಿತಾಯಕ್ಕಿಂತ ದೊಡ್ಡ ಫಲ ಮತ್ತೊಂದಿತ್ತು. ಒಪ್ಪಂದದ ಅವಧಿ ಮುಗಿದೊಡನೆ ಹೊರಡುವವನಿಗೂ, ಇದೇ ಊರಿನಲ್ಲಿ ಮುಂದಿನ ಮೂವತ್ತು ವರ್ಷ ಬಾಳಬೇಕಾದವನಿಗೂ ಯಂತ್ರದ ಬಗೆಗಿನ ಕಾಳಜಿ ಒಂದೇ ಆಗಿರುವುದಿಲ್ಲ. ಕಲಿಕೆ ಊರಲ್ಲೇ ಉಳಿಯಿತು.

ಮೂರನೆಯದು ಪ್ರತಿ ವಿಭಾಗದ ವೆಚ್ಚವನ್ನು ಬೇರೆಬೇರೆಯಾಗಿ ಅಳೆದು ತಗ್ಗಿಸುವ ಕೆಲಸ. ಅದಿರು ಬೆಟ್ಟದಿಂದ ಕೆಳಗಿಳಿಯುವುದಕ್ಕೆ ಒಂದು ವೆಚ್ಚ, ಕಟ್ಟಿಗೆ ಕಾಡಿನಿಂದ ಬರುವುದಕ್ಕೆ ಒಂದು ವೆಚ್ಚ, ಸುಣ್ಣಕಲ್ಲಿಗೆ ಮತ್ತೊಂದು. ಇವೆಲ್ಲ ಒಂದೇ ಮೊತ್ತದಲ್ಲಿ ಸೇರಿಹೋದರೆ ಸೋರಿಕೆ ಎಲ್ಲಿದೆಯೆಂದು ತಿಳಿಯುವುದಿಲ್ಲ. ಟನ್ನಿಗೆ ಇಷ್ಟು ಎಂದು ಪ್ರತಿಯೊಂದನ್ನೂ ಬಿಡಿಸಿಟ್ಟಾಗ ಸೋರುವ ಜಾಗ ತಾನಾಗಿ ಕಾಣುತ್ತದೆ. ಮನೆಯ ಅಂಗಡಿಯಲ್ಲಿ ರೋಜನಾಮೆ, ಖಾತೆ ಬರೆದು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಸ್ಥೆ ದೊಡ್ಡದಾದಷ್ಟೂ ಈ ಸರಳ ವಿಧಿ ಮರೆತುಹೋಗುವುದೇ ವಿಚಿತ್ರ.

ನಾಲ್ಕನೆಯದು ಮಾರುಕಟ್ಟೆಯನ್ನು ಹುಡುಕಿಕೊಂಡು ಹೋದುದು. ದಿನಕ್ಕೆ ಸುಮಾರು 60 ಟನ್ ಬೀಡುಕಬ್ಬಿಣ ಕೊಡಬಲ್ಲ ಕುಲುಮೆಗೆ ಸಂಸ್ಥಾನದೊಳಗಿನ ಬೇಡಿಕೆ ಸಾಲದು. ಕಬ್ಬಿಣ ಅಮೆರಿಕ, ಜಪಾನುಗಳವರೆಗೂ ಹೋಯಿತು. ಆದರೆ ಕಚ್ಚಾ ಸರಕನ್ನು ಹೊರದೇಶಕ್ಕೆ ಮಾರುವವನು ಅಲ್ಲಿಯ ಧಾರಣೆಗೆ ಅಧೀನ. ಆದ್ದರಿಂದ ಬೀಡುಕಬ್ಬಿಣವನ್ನು ಕಾರ್ಖಾನೆಯಲ್ಲಿಯೇ ಎರಕ ಹೊಯ್ದು ಕೊಳವೆಗಳನ್ನು ಮಾಡುವ ವಿಭಾಗವನ್ನು ತೆರೆದರು. ಊರೂರಿನ ಪುರಸಭೆಗಳು ನಲ್ಲಿಯ ನೀರಿನ ವ್ಯವಸ್ಥೆಗೆ ತೊಡಗಿದ್ದ ಕಾಲವದು. ಕೊಳವೆಗೆ ನಾಡಿನೊಳಗೇ ಗಿರಾಕಿಗಳಿದ್ದರು. ಒಂದು ಸರಕಿನ ಬೆಲೆ ಬಿದ್ದಾಗ ಮತ್ತೊಂದು ಸರಕು ಕಾರ್ಖಾನೆಯನ್ನು ಹಿಡಿದು ನಿಲ್ಲಿಸಿತು.

ಈ ನಾಲ್ಕರಲ್ಲಿ ಯಾವುದೂ ಚಮತ್ಕಾರವಲ್ಲ. ಯಾವುದೂ ಒಂದು ದಿನದಲ್ಲಿ ಆದುದೂ ಅಲ್ಲ.

ಅದೇ ಕಾಲದ ಎರಡು ಸಂಸ್ಥೆಗಳು

ಭದ್ರಾವತಿಯ ಕಷ್ಟ ಅದೊಂದಕ್ಕೇ ಬಂದುದಾಗಿರಲಿಲ್ಲ. ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಂಪನಿಯೂ ಅದೇ ಇಳಿಜಾರಿನಲ್ಲಿ ಸಿಲುಕಿತು. 1924ರಲ್ಲಿ ಕೆಲಸಗಾರರ ಬಟವಾಡೆಗೂ ಹಣ ಸಾಲದಾದಾಗ, ಸರ್ ದೊರಾಬ್ಜಿ ಟಾಟಾ ಅವರು ತಮ್ಮ ಸ್ವಂತ ಸಂಪತ್ತನ್ನೂ ಪತ್ನಿ ಮೆಹರ್‌ಬಾಯಿಯವರ ಆಭರಣಗಳನ್ನೂ ಇಂಪೀರಿಯಲ್ ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ತಂದರು. ಅದೇ ವರ್ಷ ಭಾರತ ಸರ್ಕಾರವು ಉಕ್ಕಿನ ಉದ್ಯಮಕ್ಕೆ ರಕ್ಷಣೆಯ ಕಾನೂನನ್ನು ತಂದಿತು. ಭದ್ರಾವತಿಯಲ್ಲಿ ಆಗ ತಯಾರಾಗುತ್ತಿದ್ದುದು ಬೀಡುಕಬ್ಬಿಣ. ಉಕ್ಕಿಗೆ ಕೊಟ್ಟ ಆಸರೆಯಿಂದ ಅದಕ್ಕೆ ನೇರ ಪ್ರಯೋಜನವಿರಲಿಲ್ಲ.

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಕಥೆಯೂ ಇದಕ್ಕೆ ಸಮಕಾಲೀನ. 1920ರಲ್ಲಿ ಮೋಟಾರು ಗಾಡಿಗಳ ಬೇಡಿಕೆ ಇದ್ದಕ್ಕಿದ್ದಂತೆ ಕುಸಿದಾಗ ಆ ಕಂಪನಿಯ ಗೋದಾಮುಗಳಲ್ಲಿ ಸರಕು ರಾಶಿಬಿದ್ದಿತ್ತು. ಯಾವ ವಿಭಾಗ ಎಷ್ಟು ಗಳಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬುದು ಮುಖ್ಯಸ್ಥರಿಗೇ ತಿಳಿದಿರಲಿಲ್ಲ. 1923ರಲ್ಲಿ ಅಧ್ಯಕ್ಷರಾದ ಆಲ್ಫ್ರೆಡ್ ಸ್ಲೋನ್ ಅವರು ಪ್ರತಿ ವಿಭಾಗಕ್ಕೆ ಅದರದೇ ಹೊಣೆಯನ್ನು ಕೊಟ್ಟು, ಲೆಕ್ಕದ ನಿಯಂತ್ರಣವನ್ನು ಮಾತ್ರ ಕೇಂದ್ರದಲ್ಲಿಟ್ಟುಕೊಂಡರು. ಮಾರಾಟಗಾರರಿಂದ ಹತ್ತು ದಿನಕ್ಕೊಮ್ಮೆ ವರದಿ ತರಿಸುವ ಕ್ರಮ ಬಂದಿತು. ಕೆಲವೇ ವರ್ಷಗಳಲ್ಲಿ ಆ ಕಂಪನಿ ಫೋರ್ಡನ್ನು ಹಿಂದೆ ಹಾಕಿತು.

ಡೆಟ್ರಾಯಿಟ್, ಜಮ್ಶೆಡ್‌ಪುರ, ಭದ್ರಾವತಿ ಈ ಮೂರರ ಗಾತ್ರದಲ್ಲಿ ಅಜಗಜಾಂತರವಿದೆ. ಒಡೆತನದ ಸ್ವರೂಪವೂ ಬೇರೆ. ಆದರೂ ಮೂರರಲ್ಲಿಯೂ ಸಾಮಾನ್ಯವಾದುದು ಒಂದಿದೆ. ಸಂಸ್ಥೆಯ ನಿಜಸ್ಥಿತಿಯನ್ನು ಮರೆಮಾಡದೆ ನೋಡುವ ಧೈರ್ಯ ಮೇಲಿನವರಲ್ಲಿತ್ತು. ಆ ನೋಟದ ಫಲವನ್ನು ಮೊದಲು ಅನುಭವಿಸಲು ಅವರೇ ಮುಂದಾದರು, ಇಲ್ಲವೆ ಅದಕ್ಕೆ ತಮ್ಮನ್ನೇ ಹೊಣೆ ಮಾಡಿಕೊಂಡರು.

ಬೆಳವಣಿಗೆ

1929ರಲ್ಲಿ ವಿಶ್ವೇಶ್ವರಯ್ಯನವರು ಅಧ್ಯಕ್ಷ ಪದವಿಯಿಂದ ಬಿಡುಗಡೆ ಪಡೆದಾಗ ಕಾರ್ಖಾನೆಯನ್ನು ಮುಚ್ಚುವ ಮಾತು ಹಿಂದೆ ಬಿದ್ದಿತ್ತು. ಬಳಿಕ ಜಗದ್ವ್ಯಾಪಿ ಆರ್ಥಿಕ ಮುಗ್ಗಟ್ಟು ಬಂದಾಗಲೂ ಅದು ಉಳಿಯಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, 1936ರಲ್ಲಿ ಉಕ್ಕಿನ ವಿಭಾಗ ಆರಂಭವಾಯಿತು. ಅನಂತರ ಸಿಮೆಂಟು, ಫೆರೋಸಿಲಿಕಾನ್ ವಿಭಾಗಗಳು ಸೇರಿದವು. 1948ರಲ್ಲಿ ಜೋಗದ ವಿದ್ಯುತ್ತು ದೊರೆತ ಮೇಲೆ, 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಬೆಂಕಿಪುರವೆಂಬ ಹಳ್ಳಿ ಕೈಗಾರಿಕಾ ಪಟ್ಟಣವಾಯಿತು. ಹಲವು ತಲೆಮಾರುಗಳ ಕುಟುಂಬಗಳು ಅಲ್ಲಿ ಬಾಳು ಕಟ್ಟಿಕೊಂಡವು.

ಗಮನಿಸಬೇಕಾದುದೆಂದರೆ, ವಿಸ್ತರಣೆಯು ಚೇತರಿಕೆಯ ನಂತರ ಬಂದಿತು. ನಷ್ಟವನ್ನು ಮುಚ್ಚಲು ಹೊಸ ವಿಭಾಗ ತೆರೆಯುವುದು, ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡುವುದು ಎಂಬ ದಾರಿ ಇಲ್ಲಿ ಹಿಡಿದುದಲ್ಲ. ಮೊದಲು ಕುಲುಮೆ ತನ್ನ ಅನ್ನವನ್ನು ತಾನು ದುಡಿಯಬೇಕು. ಬಳಿಕ ಅದರ ಪಕ್ಕದಲ್ಲಿ ಮತ್ತೊಂದನ್ನು ಕಟ್ಟಬಹುದು.

ಕಾರ್ಖಾನೆಯ ಕೆಲಸಕ್ಕಾಗಿ ವಿಶ್ವೇಶ್ವರಯ್ಯನವರಿಗೆ ಸಲ್ಲಬೇಕಾಗಿದ್ದ ಸಂಭಾವನೆ ಒಂದು ಲಕ್ಷ ರೂಪಾಯಿಗೂ ಮಿಕ್ಕಿತ್ತು. ಸರ್ಕಾರ ಅದನ್ನು ಕೊಡಲು ಮುಂದಾದಾಗ ಅವರು ಅದನ್ನು ತರುಣರಿಗೆ ಕಸುಬು ಕಲಿಸುವ ಶಾಲೆಗಾಗಿ ಬಳಸಬೇಕೆಂದು ಸೂಚಿಸಿದರು. ಬೆಂಗಳೂರಿನಲ್ಲಿ 1943ರಲ್ಲಿ ರೂಪುಗೊಂಡ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಮೂಲದಲ್ಲಿ ಈ ಹಣವಿದೆ. ಶಾಲೆಗೆ ಅವರ ಹೆಸರನ್ನಿಡಲಿಲ್ಲ.

ಪುಸ್ತಕದಲ್ಲಿ ಬರೆಯದೆ ಉಳಿದ ಬಾಬು

ಇಲ್ಲಿಯವರೆಗೆ ಹೇಳಿದುದು ಜಮೆಯ ಕಡೆ. ಖರ್ಚಿನ ಕಡೆಯಲ್ಲಿ ಒಂದು ದೊಡ್ಡ ಬಾಬು ಬರೆಯದೆ ಉಳಿಯಿತೆಂಬುದನ್ನೂ ಹೇಳಬೇಕು.

ಒಂದು ಟನ್ ಇದ್ದಿಲಿಗೆ ನಾಲ್ಕು ಟನ್‌ಗಳ ಹತ್ತಿರ ಕಟ್ಟಿಗೆ ಬೇಕು. ಒಂದು ಟನ್ ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ದಿನಕ್ಕೆ 60 ಟನ್ ಕಬ್ಬಿಣವೆಂದರೆ ದಿನಕ್ಕೆ 200 ಟನ್ನಿಗೂ ಮಿಕ್ಕಿದ ಮಲೆನಾಡಿನ ಮರ. ಕುಲುಮೆ ಹಬ್ಬಹರಿದಿನವೆಂದು ಆರುವುದಿಲ್ಲ. ಕಾರ್ಖಾನೆಯ ಪುಸ್ತಕದಲ್ಲಿ ಕಟ್ಟಿಗೆಗೆ ಬರೆದುದು ಕಡಿಯುವ ಕೂಲಿ, ಸಾಗಣೆ, ಕಾಡಿನ ಶುಲ್ಕ. ಮರ ಬೆಳೆಯಲು ಹಿಡಿದ ವರ್ಷಗಳಿಗೆ, ಅದರಲ್ಲಿ ಗೂಡು ಕಟ್ಟಿದ ಜೀವಗಳಿಗೆ, ಅದರ ಬೇರು ಹಿಡಿದಿದ್ದ ನೀರಿಗೆ ಯಾವ ಖಾತೆಯೂ ಇರಲಿಲ್ಲ.

ಜೈನ ಶ್ರಾವಕಾಚಾರವು ಗೃಹಸ್ಥನು ವರ್ಜಿಸಬೇಕಾದ ಹದಿನೈದು ಬಗೆಯ ಜೀವನೋಪಾಯಗಳನ್ನು ಎಣಿಸುತ್ತದೆ. ಅವುಗಳಲ್ಲಿ ಇದ್ದಿಲು ಸುಡುವ ಅಂಗಾರಕರ್ಮವೂ, ಕಾಡು ಕಡಿಯುವ ವನಕರ್ಮವೂ ಇವೆ. ಈ ಎಣಿಕೆಯನ್ನು ಹಳೆಯ ಕಾಲದ ನಿಷೇಧವೆಂದು ಓದಿ ಬಿಡುವವರು ಹಲವರು. ಲೆಕ್ಕದ ಭಾಷೆಯಲ್ಲಿ ಓದಿದರೆ ಅದರ ಅರ್ಥ ಬೇರೊಂದು ರೀತಿಯಲ್ಲಿ ತೆರೆದುಕೊಳ್ಳುತ್ತದೆ. ಯಾವ ಉದ್ಯಮದಲ್ಲಿ ನಿಜವಾದ ವೆಚ್ಚವನ್ನು ಮಾತಿಲ್ಲದ ಜೀವಗಳು ತೆರುತ್ತವೆಯೋ, ಅಲ್ಲಿ ಕಾಣುವ ಲಾಭ ಪೂರ್ಣ ಲಾಭವಲ್ಲವೆಂಬ ಎಚ್ಚರಿಕೆ ಅದರಲ್ಲಿದೆ. ಆ ಕಾಲದ ಸಂಸ್ಥಾನಕ್ಕೆ ಕಲ್ಲಿದ್ದಲಿರಲಿಲ್ಲ; ವಿದ್ಯುತ್ತು ಸಾಕಷ್ಟಿರಲಿಲ್ಲ; ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆಯಿತ್ತು. ಅಂದಿನವರನ್ನು ಇಂದಿನ ಅರಿವಿನಿಂದ ಅಳೆದು ದೂಷಿಸುವುದು ನ್ಯಾಯವಲ್ಲ. ಆದರೆ ಬಾಬು ಬರೆಯದೆ ಉಳಿಯಿತೆಂಬ ಸತ್ಯವನ್ನು ಮುಚ್ಚುವುದೂ ನ್ಯಾಯವಲ್ಲ. ವೆಚ್ಚವನ್ನು ಬಿಡಿಸಿಟ್ಟು ನೋಡಬೇಕೆಂದು ಭದ್ರಾವತಿಯೇ ಕಲಿಸಿದ ಪಾಠವನ್ನು ಭದ್ರಾವತಿಗೂ ಅನ್ವಯಿಸಬೇಕಾಗುತ್ತದೆ.

ಅನಂತರದ ದಿನಗಳು

ಸ್ವಾತಂತ್ರ್ಯದ ತರುವಾಯ ಕಾರ್ಖಾನೆಯ ಒಡೆತನ ಕೈಬದಲಾಯಿಸಿತು. 1962ರಲ್ಲಿ ಅದು ಕಂಪನಿಯಾಯಿತು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. 1989ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಅಧೀನ ಕಂಪನಿಯಾಗಿ, 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಅಷ್ಟರಲ್ಲಿ ದೇಶದಲ್ಲಿ ಬಹುಪಟ್ಟು ದೊಡ್ಡ ಉಕ್ಕಿನ ಕಾರ್ಖಾನೆಗಳು ಬಂದಿದ್ದವು. ಭದ್ರಾವತಿಗೆ ಸ್ವಂತ ಅದಿರಿನ ಗಣಿ ಇಲ್ಲದಾಯಿತು. ಹೊಸ ಬಂಡವಾಳದ ಮಾತು ಮಾತಾಗಿಯೇ ಉಳಿಯಿತು. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿಯೇ, ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಆರಂಭವಾಯಿತಾದರೂ ಹಿಂದಿನ ವೈಭವ ಮರಳಲಿಲ್ಲ.

1923ರ ಸಂಕಟಕ್ಕೂ 2023ರ ಸಂಕಟಕ್ಕೂ ಇರುವ ವ್ಯತ್ಯಾಸ ವಿಚಾರಾರ್ಹ. ಮೊದಲನೆಯದರಲ್ಲಿ ಬೆಲೆ ಕುಸಿದಿತ್ತು, ವೆಚ್ಚ ಏರಿತ್ತು, ಅನುಭವವಿರಲಿಲ್ಲ; ಆದರೆ ಅದು ತನ್ನ ಹೊಣೆಯೆಂದು ಹೇಳುವ ಒಬ್ಬರಿದ್ದರು, ಅವರನ್ನು ಬೆಂಬಲಿಸುವ ಅರಸರಿದ್ದರು. ಎರಡನೆಯದರಲ್ಲಿ ಅನುಭವ ಧಾರಾಳವಾಗಿತ್ತು, ಕುಶಲ ಕೆಲಸಗಾರರಿದ್ದರು. ಒಡೆತನ ಮಾತ್ರ ದೂರದಲ್ಲಿತ್ತು. ದೊಡ್ಡ ಸಂಸ್ಥೆಯ ಅಢಾವೆ ಪತ್ರಿಕೆಯಲ್ಲಿ ಒಂದು ಚಿಕ್ಕ ಘಟಕವಾಗಿ ಸೇರಿಹೋದ ಕಾರ್ಖಾನೆಗೆ ತನ್ನದೆಂಬ ಧ್ವನಿ ಉಳಿಯುವುದು ಕಷ್ಟ. ಗಣಿ, ಬಂಡವಾಳ, ಮಾರುಕಟ್ಟೆಗಳ ಕೊರತೆಯನ್ನು ಎಲ್ಲರೂ ಬಲ್ಲವರಾಗಿದ್ದರು. ಅದನ್ನು ನೀಗಿಸುವ ಹೊಣೆ ಹಲವರಲ್ಲಿ ಹಂಚಿಹೋಗಿ ಯಾರದೂ ಆಗಲಿಲ್ಲ.

ಆಡಳಿತ ವಹಿಸಿದವರಿಗೆ

ಈ ಚರಿತ್ರೆಯನ್ನು ಕಬ್ಬಿಣದ ಕಾರ್ಖಾನೆಯವರು ಮಾತ್ರ ಓದಬೇಕೆಂದಿಲ್ಲ. ಬಸದಿಯ ಜಮೀನು, ಛತ್ರದ ಬಾಡಿಗೆ, ವಿದ್ಯಾರ್ಥಿನಿಲಯದ ಠೇವಣಿ ಇವುಗಳ ಮೇಲ್ವಿಚಾರಣೆ ವಹಿಸಿದ ಟ್ರಸ್ಟುಗಳೂ ಕಾಲಕಾಲಕ್ಕೆ ಇಳಿಜಾರನ್ನು ಕಾಣುತ್ತವೆ. ಅಂತಹ ಸಮಯದಲ್ಲಿ ಮಾಡುವ ಸಾಮಾನ್ಯ ತಪ್ಪುಗಳು ಮೂರು: ನಷ್ಟವನ್ನು ಮುಂದಿನ ವರ್ಷದ ಲೆಕ್ಕಕ್ಕೆ ತಳ್ಳುವುದು, ಒಂದು ನಿಧಿಯ ಹಣದಿಂದ ಮತ್ತೊಂದು ನಿಧಿಯ ಕೊರತೆಯನ್ನು ಸದ್ದಿಲ್ಲದೆ ತುಂಬುವುದು, ಸರಿಪಡಿಸುವುದಕ್ಕೆ ಮೊದಲೇ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕುವುದು. ಭದ್ರಾವತಿಯ ಆರು ವರ್ಷಗಳು ಇದಕ್ಕೆ ವಿರುದ್ಧವಾದ ದಾರಿಯನ್ನು ತೋರಿಸುತ್ತವೆ. ನಿಜಸ್ಥಿತಿಯನ್ನು ಬಾಬುವಾರು ಬರೆಯುವುದು. ಉತ್ತರ ಹೇಳುವವರನ್ನು ಗುರುತಿಸುವುದು. ಅಧ್ಯಕ್ಷನು ಮೊದಲು ತನ್ನ ಪಾಲನ್ನು ಬಿಡುವುದು. ಸ್ಥಳೀಯರಿಗೆ ಕೆಲಸ ಕಲಿಸಿ ಹೊಣೆ ಕೊಡುವುದು. ಚೇತರಿಸಿಕೊಂಡ ಮೇಲಷ್ಟೇ ಬೆಳೆಯುವುದು. ಇವುಗಳಿಗೆ ಆರನೆಯದಾಗಿ, ಪುಸ್ತಕಕ್ಕೆ ಬಾರದೆ ಯಾರು ವೆಚ್ಚ ತೆರುತ್ತಿದ್ದಾರೆಂದು ವರ್ಷಕ್ಕೊಮ್ಮೆಯಾದರೂ ವಿಚಾರಿಸುವುದನ್ನು ಸೇರಿಸಬೇಕು.

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನವು 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವನ್ನು ಈ ಸೀಮೆಯವರೆಲ್ಲರೂ ಬಲ್ಲರು. ಅದು ತುಂಬಿ ಕೋಡಿ ಹರಿದುದು 1933ರಲ್ಲಿ. ಮತ್ತೆ ಹರಿದುದು 2022ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷ ಕೋಡಿ ಬೀಳಲಿಲ್ಲವೆಂದು ಯಾರೂ ಅಣೆಕಟ್ಟೆಯನ್ನು ಕೈಬಿಡಲಿಲ್ಲ. ಪ್ರತಿ ವರ್ಷ ಇದ್ದಷ್ಟು ನೀರನ್ನು ಅಡಿಗಳಲ್ಲಿ ಅಳೆದು, ಅಳತೆಗೆ ತಕ್ಕಂತೆ ತೋಟಗಳಿಗೂ ಊರುಗಳಿಗೂ ಬಿಟ್ಟರು. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ 2019ರಿಂದ ಭದ್ರೆಯ ನೀರೂ ಆ ಸಾಗರವನ್ನು ಸೇರಲಾರಂಭಿಸಿತು. ತುಂಬಿದ ವರ್ಷದಲ್ಲಿ ಕೆರೆಯನ್ನು ನೋಡಲು ಜಾತ್ರೆಯಂತೆ ಜನ ಸೇರುತ್ತಾರೆ. ಬತ್ತಿದ ವರ್ಷಗಳಲ್ಲಿ ಅಳತೆಗೋಲಿನ ಬಳಿಗೆ ಹೋಗಿ ನಿಂತು ಅಂಕಿಯನ್ನು ತಪ್ಪದೆ ಬರೆದುಕೊಂಡು ಬಂದವರಿಂದಲೇ ತೋಟಗಳು ಉಳಿದವು.